ತಲಾವ ಮಾತೆಯ ಸಂರಕ್ಷಿತ ಸೋರಿಕೆ

ತಲಾವ ಮಾತೆಯ ಇಗರ್ಜಿಯ ಮಾಡು ಸೋರುತ್ತದೆ ಎಂಬ ಸಂಗತಿಯನ್ನು ಸರಕಾರವು ಸಾವಿರದ ಒಂಬೈನೂರ ಅರವತ್ತೆಂಟರ ಮಳೆಗಾಲದಲ್ಲಿ ತಾತ್ವಿಕವಾಗಿ ಒಪ್ಪಿಕೊಂಡಿತು. ಅದಕ್ಕೆ ಮುಂಚೆ ಅದು ಯಾರ ಒಪ್ಪಿಗೆಯೂ ಇಲ್ಲದೆ ಸೋರುತ್ತಿತ್ತು. ಪೋರ್ಚುಗೀಸರ ಕಾಲದ ಆ ಇಗರ್ಜಿ ಅಂಧೇರಿಯಿಂದ ಕುರ್ಲಾ ಕಡೆಗೆ ಹೋಗುವ ರಸ್ತೆಯ ಪಕ್ಕ, ಒಂದು ತಲಾವಿನ ದಂಡೆಯಲ್ಲಿತ್ತು. ತಲಾವನ್ನು ಮುಚ್ಚಿ, ಮೇಲೆ ಹೌಸಿಂಗ್ ಸೊಸೈಟಿ ಎಬ್ಬಿಸಿ, ಅದಕ್ಕೆ ‘ಲೇಕ್ ವ್ಯೂ’ ಎಂದು ಹೆಸರಿಟ್ಟು ವರ್ಷಗಳೇ ಆದವು. ಇರಲಿ, ನಮಗೀಗ ಬೇಕಾದದ್ದು ಮಾಡು.

ಪ್ರತಿ ವರ್ಷ ಮೇ ಕೊನೆಗೆ ಪಕ್ಕದ ತೆಂಗಿನ ಮರದ ಗರಿ ಬಿದ್ದು ಒಂದೋ ಎರಡೋ ಹೆಂಚು ಒಡೆಯುವುದು. ಗಾರೆ ಕೆಲಸದ ಚಮನಸಾಬ ಏಣಿ ಹಾಕಿ ಹತ್ತಿ, ಒಡೆದದ್ದು ತೆಗೆದು ಹೊಸದು ಕೂರಿಸಿ, ಇಳಿದು ಬಂದು ಎದುರಿನ ಚೆನ್ನಯನ ಹೋಟೆಲಿನಲ್ಲಿ ಚಾ ಕುಡಿಯುವನು. ಅಲ್ಲಿಗೆ ಆ ವರ್ಷದ ಸೋರಿಕೆ ಮುಗಿಯಿತು. ಅಷ್ಟು ದೊಡ್ಡ ಕಟ್ಟಡದ ದುರಸ್ತಿ ಒಂದು ಕಪ್ ಚಾದಲ್ಲಿ ಮುಗಿದುಹೋಗುವುದು ಆಡಳಿತದ ದೃಷ್ಟಿಯಿಂದ ಒಳ್ಳೆಯ ಲಕ್ಷಣವಲ್ಲ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಈ ಚಮನಸಾಬ ಬಿಜಾಪುರದ ಕಡೆಯವನು. ಕುರ್ಲಾದ ಚಾಳಿನಲ್ಲಿ ಹೆಂಡತಿ ಜೈತುನಬಿಯ ಜೊತೆ ಸಂಸಾರ. ಒಮ್ಮೆ ಸಾಂತಾಕ್ರೂಜಿನಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ಬಿದಿರು ಸಾರವೆಯಿಂದ ಬಿದ್ದು ಬೆನ್ನು ಮುರಿದುಕೊಂಡ. ಇನ್ನು ಇವನು ಎದ್ದು ಕೂತರೆ ನನ್ನನ್ನು ಕೇಳಿ ಎಂದು ದೊಡ್ಡಾಸ್ಪತ್ರೆಯ ದೊಡ್ಡ ಡಾಕ್ಟರೇ ಹೇಳಿಬಿಟ್ಟರು. ಯಾರೋ ಅಂದರು, ತಲಾವ ಮಾತೆಗೆ ಹೇಳಿಕೋ. ಆ ಇಗರ್ಜಿಯ ಪದ್ಧತಿ ಹೀಗೆ: ನಿಮಗೆ ಯಾವುದರ ಕಷ್ಟವೋ ಅದನ್ನು ಮೇಣದಲ್ಲಿ ಒಪ್ಪಿಸಬೇಕು. ಕಾಲಿಗೆ ಮೇಣದ ಕಾಲು, ಕೈಗೆ ಕೈ, ಮಕ್ಕಳಿಲ್ಲದವರಿಗೆ ಮೇಣದ ಕೂಸು, ಖೋಲಿ ಸಿಗದವರಿಗೆ ಮೇಣದ ಮನೆ. ಬುಧವಾರ ಬಂತೆಂದರೆ ಹಿಂದೂ, ಪಾರ್ಸಿ, ಮುಸಲ್ಮಾನ ಎನ್ನದೆ ಇಡೀ ಉಪನಗರ ಅಲ್ಲಿ ಸಾಲುಗಟ್ಟುತ್ತಿತ್ತು. ಮೇಣದ ಅವಯವಗಳನ್ನು ಅಚ್ಚು ಹಾಕಿ ಮಾರುತ್ತಿದ್ದವಳು ಚೆನ್ನಯನ ಹೆಂಡತಿ ಸೇವಂತಿ. ಅವಳಲ್ಲಿ ಬೆನ್ನಿನ ಅಚ್ಚು ಇರಲಿಲ್ಲ. ಇಡೀ ಗಂಡಸನ್ನೇ ಕೊಟ್ಟು, ಎಲ್ಲಿ ನೋವು ಅಂತ ನೀನೇ ತೋರಿಸಿ ಹೇಳಮ್ಮಾ ಎಂದಳು. ಜೈತುನಬಿ ತೋರಿಸಿ ಹೇಳಿದಳು. ಗಂಡ ಎದ್ದರೆ, ಏಣಿ ಹತ್ತುವ ಶಕ್ತಿ ಇರುವ ತನಕ, ಪ್ರತಿ ವರ್ಷ ಸಪ್ಟೆಂಬರಿನ ನಿನ್ನ ಹಬ್ಬಕ್ಕೆ ಮುಂಚೆ ನಿನ್ನ ಇಗರ್ಜಿಯ ಮುಂಗೋಡೆಗೆ ಅವನ ಕೈಯಾರೆ ಸುಣ್ಣ, ಕೂಲಿ ಇಲ್ಲದೆ, ಎಂದು ಹರಕೆ ಹೊತ್ತಳು.

ಚಮನಸಾಬ ಎದ್ದ. ಎದ್ದವನು ಒಂದು ವರ್ಷವೂ ತಪ್ಪಿಸಲಿಲ್ಲ. ಹರಕೆ ತಪ್ಪಿದ ವರ್ಷ ಬೆನ್ನು ಮತ್ತೆ ಹೋಗುತ್ತದೆ ಎಂಬುದು ಗಂಡಹೆಂಡಿರಿಬ್ಬರಿಗೂ ಬಿಸಿಲು ಮಳೆಯಷ್ಟು ಖಾತ್ರಿ. ಗಾರೆಯವನ ಬೆನ್ನು ಹೋದರೆ ಮನೆಯಲ್ಲಿ ಒಲೆ ಹೊತ್ತಬೇಕಲ್ಲ! ಹೀಗಾಗಿ ಆ ಮುಂಗೋಡೆ ಬೆಳ್ಳಗಿದ್ದರೆ ಚಮನಸಾಬನ ಎದೆ ತಣ್ಣಗಿರುತ್ತಿತ್ತು.

ತಪ್ಪು ಮಾಡಿದವರು ಫಾದರ್ ಬೊನಿಫಾಸ್. ಮಂಗಳೂರಿನವರು, ಒಳ್ಳೆಯವರು, ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಅಷ್ಟನ್ನೂ ನಂಬುವವರು. ಉಪನಗರದ ಪುರಾತನ ಕಟ್ಟಡಗಳ ಪರಿರಕ್ಷಣೆಗೆ ಸರಕಾರ ಹೊಸ ಇಲಾಖೆಯೊಂದನ್ನು ತೆರೆದಿದೆ ಎಂದು ಅದರಲ್ಲಿ ಓದಿ, ನಮ್ಮದು ಹಳೆಯ ಇಗರ್ಜಿ, ವರ್ಷವರ್ಷವೂ ಸ್ವಲ್ಪ ಸೋರುತ್ತದೆ, ಕಾಯಂ ಆಗಿ ಏನಾದರೂ ಮಾಡಿಕೊಟ್ಟರೆ ಉಪಕಾರ ಎಂದು ಕಾಗದ ಬರೆಯಲು ಕೂತರು. ಚಾ ತಂದಿದ್ದ ಚೆನ್ನಯ ಉಡುಪಿ ಕಡೆಯ ಹೋಟೆಲಿನವನು. ಸರಕಾರವನ್ನು ಲೈಸೆನ್ಸಿನ ದೆಸೆಯಿಂದ ಹತ್ತಿರದಲ್ಲೇ ಬಲ್ಲವನು.

“ಫಾದರ್, ಸೋರುವುದು ಚಮನಸಾಬನಿಗೆ ಗೊತ್ತುಂಟಲ್ಲ,” ಎಂದ ಅವನು. “ಸರಕಾರಕ್ಕೆ ಯಾಕೆ ಗೊತ್ತು ಮಾಡ್ಲಿಕ್ಕೆ ಹೋಗ್ತೀರಿ?”

ಫಾದರ್ ನಾಗರಿಕನ ಕರ್ತವ್ಯದ ಬಗ್ಗೆ ಎರಡು ಮಾತು ಹೇಳಿ, ಕಾಗದವನ್ನು ಅವನ ಕೈಯಲ್ಲೇ ಪೋಸ್ಟಿಗೆ ಕಳಿಸಿದರು.

ಇಲಾಖೆಯಿಂದ ಬಂದವರು ಸಹಾಯಕ ಪರಿರಕ್ಷಣಾಧಿಕಾರಿ ಕಾಶಪ್ಪನವರು. ಧಾರವಾಡದ ಕಡೆಯವರು. ರಾಜ್ಯಗಳ ವಿಂಗಡಣೆಯಾದಾಗ ಅವರ ಊರು ಆಚೆ ಹೋಯಿತು, ಅವರ ಫೈಲು ಈಚೆ ಉಳಿಯಿತು. ಫೈಲಿನ ಜೊತೆ ಅವರೂ ಉಳಿದರು. ಅಂದಿನಿಂದ ಅವರ ಪ್ರಮೋಷನ್ ಸಚಿವಾಲಯದ ಯಾವುದೋ ಮೇಜಿನ ಮೇಲೆ ಸುಖವಾಗಿ ಮಲಗಿತ್ತು. ಪಾಪ, ಕೆಟ್ಟ ಮನುಷ್ಯರೇನಲ್ಲ. ಇಗರ್ಜಿಯ ಸುತ್ತ ಒಂದು ಸುತ್ತು ಬಂದು, ಕತ್ತೆತ್ತಿ ನೋಡಿ, ಇಂಥ ಹಳೆಯ ಸೋರಿಕೆಯನ್ನು ತಮ್ಮ ಸರ್ವಿಸಿನಲ್ಲೇ ಕಂಡಿಲ್ಲ ಎಂದರು. ವಾರದೊಳಗೆ ಬಾಗಿಲ ಬಳಿ ಒಬ್ಬ ಕಾವಲಿನವನು ಬಂದ, ಬೋರ್ಡು ಬಂತು:

“ಈ ಕಟ್ಟಡವು ಸರಕಾರದ ರಕ್ಷಣೆಯಲ್ಲಿದೆ. ಇದನ್ನು ಯಾರೂ ಕೆಡಿಸತಕ್ಕದ್ದಲ್ಲ. ಯಾರೂ ರಿಪೇರಿ ಮಾಡತಕ್ಕದ್ದಲ್ಲ. ಎರಡೂ ಅಪರಾಧಗಳಿಗೆ ಒಂದೇ ಶಿಕ್ಷೆ.”

ಆ ಮೇ ತಿಂಗಳಲ್ಲಿ ತೆಂಗಿನ ಗರಿ ವಾಡಿಕೆಯಂತೆ ಬಿತ್ತು. ಅದಕ್ಕೆ ಬೋರ್ಡು ಓದಲು ಬರುತ್ತಿರಲಿಲ್ಲ. ಚಮನಸಾಬ ಏಣಿ ತಂದ; ಕಾವಲಿನವನು ಏಣಿಯನ್ನು ಜಪ್ತಿ ಮಾಡಿದ. ಮಳೆ ಹಿಡಿಯಿತು, ಪೂಜೆ ನಡೆಯುವ ಆಲ್ತಾರಿನ ಪಕ್ಕದಲ್ಲಿ ನೀರು ತೊಟ್ಟಿಕ್ಕತೊಡಗಿತು. ಸರಕಾರ ತಾತ್ವಿಕವಾಗಿ ಒಪ್ಪಿಕೊಂಡ ಸೋರಿಕೆ ಇದೇ.

ಆಗಸ್ಟ್ ಕೊನೆಗೆ ಮಳೆ ತುಸು ಬಿಡುವು ಕೊಟ್ಟಾಗ ಚಮನಸಾಬ ಸುಣ್ಣದ ಬಕೆಟ್ಟು, ಬ್ರಷ್ಷು ಹಿಡಿದು ಬಂದ. ಕಾವಲಿನವನು ಅವನನ್ನು ಬಕೆಟ್ಟಿನ ಸಮೇತ ಇಲಾಖೆಗೆ ಒಯ್ದು ಕಾಶಪ್ಪನವರ ಮುಂದೆ ನಿಲ್ಲಿಸಿದ.

“ಸಾಹೇಬ್ರ, ಇದು ರಿಪೇರಿ ಅಲ್ರಿ. ಹರಕಿ,” ಎಂದ ಚಮನಸಾಬ.

ಊರ ಕಡೆಯ ಮಾತು ಕಿವಿಗೆ ಬಿದ್ದು ಕಾಶಪ್ಪನವರ ಮುಖ ಅರಳಿತು. ಕೂರಿಸಿ ಚಾ ತರಿಸಿದರು. “ಹರಕಿ ಅಂದ್ರ ನನಗ ತಿಳಿಯೂದಿಲ್ಲೇನೋ ತಮ್ಮಾ? ನಮ್ಮೂರಾಗ ನಾನೂ ದೀಡನಮಸ್ಕಾರ ಹಾಕೇನಿ. ಆದರ ನಿಯಮದಾಗ ಭೂಕಂಪ ಐತಿ, ಬೆಂಕಿ ಐತಿ, ವೈರಿ ದಂಡ ಬರೂದೂ ಐತಿ. ಹರಕಿ ಇಲ್ಲ.”

ಅಲ್ಲದೆ ಬಣ್ಣದ ಪ್ರಶ್ನೆಯೂ ಇತ್ತು. ಗೋಡೆಯ ಮೇಲೆ ಈಗ ಕಾಣುವ ಬಿಳುಪು ಚಮನಸಾಬನದು, ಪೋರ್ಚುಗೀಸರದಲ್ಲ. ಪೋರ್ಚುಗೀಸರದು ಏನಿತ್ತು ಎಂದು ಗೊತ್ತಾಗುವ ತನಕ ಆ ಗೋಡೆಯ ಬಣ್ಣ ‘ಪರಿಶೀಲನೆಯಲ್ಲಿದೆ’ ಎಂದು ದಾಖಲಾಗಿತ್ತು. ಪರಿಶೀಲನೆಯಲ್ಲಿರುವ ಬಣ್ಣದ ಮೇಲೆ ಇನ್ನೊಂದು ಬಣ್ಣ ಬಳಿಯುವ ಅಧಿಕಾರ ರಾಜ್ಯಪಾಲರಿಗೂ ಇಲ್ಲವೆಂದು ಕಾಶಪ್ಪನವರು ಬಹಳ ದುಃಖದಿಂದ ತಿಳಿಸಿದರು. ಚಮನಸಾಬ ಬಕೆಟ್ಟನ್ನು ಹೊತ್ತುಕೊಂಡು ಕುರ್ಲಾಕ್ಕೆ ನಡೆದ.

ಹಬ್ಬ ಕಳೆದ ವಾರವೇ ಬೆನ್ನು ಹಿಡಿದುಕೊಂಡಿತು. ಅಂಧೇರಿಯ ಕೆಲಸದ ಜಾಗದಲ್ಲಿ ಸಿಮೆಂಟಿನ ಬುಟ್ಟಿ ಎತ್ತಲು ಬಗ್ಗಿದವನು ಬಗ್ಗಿಯೇ ನಿಂತ. ಜೈತುನಬಿ ಉಪ್ಪಿನ ಗಂಟು ಬಿಸಿ ಮಾಡಿ ಕಾವು ಕೊಡುತ್ತಾ ಇಲಾಖೆಗೆ ಹಿಡಿಶಾಪ ಹಾಕಿದಳು. ಮನೆಯಲ್ಲಿ ಆಡುವುದು ದಖನಿಯಾದರೂ ಸಿಟ್ಟು ಬಂದಾಗ ಅವಳಿಗೆ ಕನ್ನಡವೇ ಬೇಕು. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮಾತೆ ಕೊಟ್ಟದ್ದನ್ನು ಮಾತೆ ವಾಪಸು ಕೇಳುತ್ತಿದ್ದಾಳೆ ಎಂದು ಅವಳ ಲೆಕ್ಕ.

ಇತ್ತ ಇಲಾಖೆ ಸುಮ್ಮನೆ ಕೂರಲಿಲ್ಲ. ಸೋರಿಕೆಯನ್ನು ಸ್ಥಳದಲ್ಲೇ ಅಧ್ಯಯನ ಮಾಡಲೆಂದು ಇಗರ್ಜಿಯ ಅಂಗಳದಲ್ಲಿ ತಗಡಿನ ಶೆಡ್ಡು ಕಟ್ಟಿ ಸೈಟ್ ಆಫೀಸು ತೆರೆದರು. ಕಾಶಪ್ಪನವರ ಜೊತೆ ಟೈಪಿಸ್ಟ್ ವಿನೋದಿನಿಬಾಯಿಯೂ ಒಂದಷ್ಟು ಗುಮಾಸ್ತರೂ ಬಂದರು. ಒಂದು ಇಡೀ ಮಳೆಗಾಲ ಬಕೆಟ್ಟಿಟ್ಟು ನೀರು ಅಳೆದು, ಈ ಸೋರಿಕೆಯು ಐತಿಹಾಸಿಕ ಸ್ವರೂಪದ್ದೆಂದೂ ಆತುರಪಟ್ಟು ಮುಚ್ಚಿದರೆ ಭರಿಸಲಾಗದ ನಷ್ಟವೆಂದೂ ವರದಿ ಬರೆದರು. ವರದಿ ಬರೆಯುತ್ತಿದ್ದಾಗಲೇ ಅದರ ಮೇಲೆ ನೀರು ಬಿತ್ತು. ಗುತ್ತಿಗೆದಾರನು ಶೆಡ್ಡಿನ ತಗಡಿಗೆ ಮೊಳೆ ಹೊಡೆದು, ಜಾಗ ತಪ್ಪಿತೆಂದು ಕಿತ್ತು, ಪಕ್ಕದಲ್ಲಿ ಮತ್ತೆ ಹೊಡೆದಿದ್ದ. ಇಗರ್ಜಿ ಒಂದು ಕಡೆ ಸೋರುತ್ತಿದ್ದರೆ ಶೆಡ್ಡು ಸೋರದ ಕಡೆಯೇ ಇರಲಿಲ್ಲ.

ಮನುಷ್ಯ ನೆನೆದರೆ ಒಣಗುತ್ತಾನೆ, ಸರಕಾರಿ ಫೈಲು ನೆನೆದರೆ ಸರಕಾರವೇ ನೆನೆದಂತೆ. ಅಂದೇ ಕಾಶಪ್ಪನವರು ತುರ್ತು ಆದೇಶ ಹೊರಡಿಸಿ, ಕಡತಗಳನ್ನೆಲ್ಲ ತಾತ್ಕಾಲಿಕವಾಗಿ ಇಗರ್ಜಿಯೊಳಗೆ ಸಾಗಿಸಿದರು. ಫೈಲುಗಳ ಹಿಂದೆ ಮೇಜುಗಳು ಹೋದವು, ಮೇಜುಗಳ ಹಿಂದೆ ಗುಮಾಸ್ತರು ಹೋದರು. ಭಕ್ತರಿಗೆ ಕಾಲಿಡಲು ಜಾಗವಾಗದ್ದರಿಂದ ಮಾತೆಯನ್ನು ಎಂಟು ದಿನಗಳ ಮಟ್ಟಿಗೆ ಖಾಲಿಯಾದ ಶೆಡ್ಡಿನಲ್ಲಿ ಕೂರಿಸುವುದೆಂದು ತೀರ್ಮಾನವಾಯಿತು. ಎಂಟು ದಿನ ತಾನೇ ಎಂದು ಫಾದರ್ ಬೊನಿಫಾಸ್ ಒಪ್ಪಿ ಸಹಿ ಹಾಕಿದರು.

ಇಗರ್ಜಿಯ ಆ ಒಂದು ಸೋರಿಕೆ ಈಗ ನೇರವಾಗಿ ಕಾಶಪ್ಪನವರ ಮೇಜಿನ ಮೇಲೆ ಬೀಳತೊಡಗಿತು. ಐತಿಹಾಸಿಕ ಸೋರಿಕೆಯನ್ನು ಮುಚ್ಚುವಂತಿಲ್ಲ, ನಿಜ. ಆದರೆ ‘ದಾಖಲೆಗಳ ತುರ್ತು ರಕ್ಷಣೆ’ ಎಂಬ ಶೀರ್ಷಿಕೆಯಡಿ ಯಾವುದನ್ನು ಬೇಕಾದರೂ ಮುಚ್ಚಬಹುದು. ಕುರ್ಲಾಕ್ಕೆ ಜವಾನನನ್ನು ಅಟ್ಟಿ ಚಮನಸಾಬನನ್ನು ಕರೆಸಿದರು, ಜಪ್ತಿಯಾಗಿದ್ದ ಏಣಿಯನ್ನು ಬಿಡಿಸಿ ಕೊಟ್ಟರು. ಅವನು ಸೊಂಟಕ್ಕೆ ಬಟ್ಟೆ ಬಿಗಿದು, ಹಲ್ಲು ಕಚ್ಚಿ ಹತ್ತಿ, ಎರಡು ಹೆಂಚು ಬದಲಿಸಿ ಇಳಿದ. ಸೋರಿಕೆ ನಿಂತಿತು. ಇನ್ನು ಇದು ಸರಕಾರಿ ಕಚೇರಿಯಾದ್ದರಿಂದ ವರ್ಷಕ್ಕೊಮ್ಮೆ ಸುಣ್ಣ ಹೊಡೆಯಲೇಬೇಕೆಂದೂ, ಬಣ್ಣದ ಪರಿಶೀಲನೆ ಇಗರ್ಜಿಗಷ್ಟೇ ಅನ್ವಯಿಸುತ್ತದೆಂದೂ ಕಾಶಪ್ಪನವರು ತಾವಾಗಿಯೇ ಹೇಳಿದಾಗ ಅವನ ಕಣ್ಣಲ್ಲಿ ನೀರು ಬಂತು.

ಆ ವರ್ಷದ ಹಬ್ಬಕ್ಕೆ ಮುಂಚೆ ಅವನು ಮುಂಗೋಡೆಗೆ ಒಂದು ಕೈ ಹೆಚ್ಚೇ ಸುಣ್ಣ ಹೊಡೆದ. ಕೂಲಿ ಮುಟ್ಟಲಿಲ್ಲ. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಜೈತುನಬಿ ಒಂದು ಬುಧವಾರ ಬಂದು ಬಿಳಿ ಗೋಡೆಯನ್ನು ನೋಡಿದಳು, ಒಳಗೆ ಇಣುಕಿ ಗುಮಾಸ್ತರನ್ನು ನೋಡಿದಳು, ಶೆಡ್ಡಿಗೆ ಹೋಗಿ ಕೈಮುಗಿದು ಮರಳಿ ಬಂದು ಗಂಡನ ಮುಂದೆ ನಿಂತಳು.

“ಯಾರ ಗ್ವಾಡಿಗೆ ಸುಣ್ಣ ಹೊಡದ್ರಿ ನೀವು? ಆಕಿ ಇಲ್ಲೆಲ್ಲಿ ಅದಾಳ? ಕಾಶಪ್ಪಗ ಹರಕಿ ಹೊತ್ತಿದ್ನೇನು ನಾ?”

ಚಮನಸಾಬನಿಗೆ ಇದು ಹೊಳೆದೇ ಇರಲಿಲ್ಲ. ಗೋಡೆ ಅದೇ, ಸುಣ್ಣ ಅದೇ, ಕೈ ಅದೇ. ಒಳಗೆ ಕೂತವರು ಬೇರೆ. ಮಾತೆ ತಿರುಗಿ ಬರುವ ತನಕ ಹರಕೆ ಸಂದಂತಲ್ಲ ಎಂದು ಜೈತುನಬಿ ಖಡಾಖಂಡಿತ ಹೇಳಿ ಹೋದಳು.

ಎಂಟು ದಿನ ಎಂಟು ತಿಂಗಳಾಗಿ, ಆಮೇಲೆ ಎಣಿಸುವುದನ್ನು ಎಲ್ಲರೂ ಬಿಟ್ಟರು. ಫಾದರ್ ಕೇಳಿದಾಗಲೆಲ್ಲ ಕಾಶಪ್ಪನವರು ಸಮಾಧಾನದಿಂದ ವಿವರಿಸುತ್ತಿದ್ದರು: ಶೆಡ್ಡಿನ ದುರಸ್ತಿಯಾದ ಕೂಡಲೇ ಕಚೇರಿ ಅಲ್ಲಿಗೆ ಮರಳುತ್ತದೆ, ಮಾತೆ ಅಲ್ಲಿರುವುದರಿಂದ ಶೆಡ್ಡನ್ನು ಖಾಲಿ ಮಾಡುವಂತಿಲ್ಲ, ಖಾಲಿಯಾಗದೆ ದುರಸ್ತಿ ಮಾಡುವಂತಿಲ್ಲ, ಕಚೇರಿ ಒಳಗಿರುವುದರಿಂದ ಮಾತೆ ಇಗರ್ಜಿಗೆ ಬರುವಂತಿಲ್ಲ. ಇದರಲ್ಲಿ ಎಲ್ಲಿ ತಪ್ಪಿದೆ ತೋರಿಸಿ ಎಂದರು. ಫಾದರ್ ತಮ್ಮ ಮೇಲಿನವರಿಗೆ ಬರೆದರು. ಮೇಲಿನವರು ಪ್ರಾರ್ಥಿಸುತ್ತೇವೆ ಎಂದು ಉತ್ತರ ಬರೆದರು.

ಜನ ಹೊಂದಿಕೊಂಡರು. ಮುಂಬಯಿಯ ಜನ ಹೊಂದಿಕೊಳ್ಳದ್ದು ಯಾವುದಿದೆ ಹೇಳಿ. ಪಾಪನಿವೇದನೆಯ ಮರದ ಗೂಡಿನಲ್ಲಿ ಕಚೇರಿಯ ವಿಚಾರಣೆ ಕೌಂಟರು ತೆರೆಯಿತು. ಒಳಗೆ ಗುಮಾಸ್ತ ಕೂತಿರುವನು, ಹೊರಗೆ ಅರ್ಜಿದಾರ ಮೊಣಕಾಲೂರಿ ಜಾಲಂಧ್ರಕ್ಕೆ ಕಿವಿ ಕೊಟ್ಟು, ನನ್ನ ಫೈಲು ಎಲ್ಲಿಗೆ ಬಂತು ಸ್ವಾಮಿ ಎನ್ನುವನು. ಮುಂದಿನ ವಾರ ಬಾ ಮಗನೇ ಎಂದು ಉತ್ತರ ಬರುವುದು. ಫಾದರ್ ಬೊನಿಫಾಸ್ ಪಾಪನಿವೇದನೆಯನ್ನು ಚೆನ್ನಯನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಪರದೆ ಎಳೆದು ಕೇಳತೊಡಗಿದರು. ಆ ಹೊತ್ತಿನಲ್ಲಿ ಚೆನ್ನಯ ರೇಡಿಯೋ ಬಂದ್ ಮಾಡುತ್ತಿದ್ದ. ಪಾಪ ಹೇಳಿಕೊಂಡವರು ಹೊರಗೆ ಬಂದು ಮಸಾಲೆ ದೋಸೆ ತಿನ್ನದೆ ಹೋದರೆ ಅವನಿಗೆ ಬೇಜಾರಾಗುತ್ತಿತ್ತು.

ಈ ನಡುವೆ ಭಕ್ತಿಯಲ್ಲೂ ಸ್ವಲ್ಪ ಬದಲಾವಣೆಯಾಯಿತು. ಮಾತೆ ಈಗ ಸರಕಾರಿ ಕಟ್ಟಡದಲ್ಲಿ ಕೂತವಳು, ಹಾಗಾಗಿ ಆಫೀಸಿನ ಕೆಲಸ ಅವಳ ಕೈಯಲ್ಲಿ ಬೇಗ ಆಗುತ್ತದೆ ಎಂದು ಸುದ್ದಿ ಹಬ್ಬಿತು. ಕುರ್ಲಾದ ಯಾರಿಗೋ ನಳದ ಮಂಜೂರಾತಿ ಬಂತಂತೆ, ಇನ್ಯಾರಿಗೋ ತಡೆದಿಟ್ಟ ಪೆನ್ಷನ್ ಬಂತಂತೆ. ಸೇವಂತಿ ಕಾಲಕ್ಕೆ ತಕ್ಕ ಹೆಂಗಸು; ಕೈಕಾಲುಗಳ ಪಕ್ಕದಲ್ಲಿ ಮೇಣದ ಫೈಲುಗಳನ್ನು ಇಟ್ಟಳು, ಅವುಗಳಿಗೆ ಮೇಣದ ಕೆಂಪು ದಾರವನ್ನೂ ಕಟ್ಟಿದಳು. ಬುಧವಾರಗಳಂದು ಕೈಕಾಲಿಗಿಂತ ಫೈಲೇ ಜಾಸ್ತಿ ಖರ್ಚಾಗತೊಡಗಿದ್ದನ್ನು ನೋಡಿ, ಜನರ ಆರೋಗ್ಯ ಸುಧಾರಿಸಿದೆ ಎಂದು ಆರೋಗ್ಯ ಖಾತೆಯವರು ಟಿಪ್ಪಣಿ ಮಾಡಿಕೊಂಡರು.

ಒಂದು ಬುಧವಾರ ಊಟದ ವಿರಾಮದಲ್ಲಿ ಕಾಶಪ್ಪನವರೇ ಟೋಪಿ ಕಿವಿಯ ತನಕ ಎಳೆದುಕೊಂಡು ಬಂದು ಒಂದು ಮೇಣದ ಫೈಲು ಕೊಂಡರು. ಮುಂದಿನ ಬುಧವಾರದೊಳಗೆ ಸಚಿವಾಲಯದಲ್ಲಿ ಅವರ ಪ್ರಮೋಷನ್ ನಿದ್ದೆಯಿಂದ ಎದ್ದು, ಸಹಿಯಾಗಿ, ನಡೆದು ಬಂತು. ‘ಸಹಾಯಕ’ ಉದುರಿ ಅವರು ಪೂರ್ಣ ಪರಿರಕ್ಷಣಾಧಿಕಾರಿಯಾದರು. ಕಾಶಪ್ಪನವರು ಶೆಡ್ಡಿನಲ್ಲಿ ನಿಂತು ಗಳಗಳ ಅತ್ತರು. ಕೃತಜ್ಞತೆ ಅವರಲ್ಲಿ ನಿಜವಾಗಿಯೂ ಉಕ್ಕಿ ಬಂದಿತ್ತು. ಉಕ್ಕಿದ ಕೃತಜ್ಞತೆಯನ್ನು ಅಧಿಕಾರಿಯಾದವನು ಹೇಗೆ ತೋರಿಸುತ್ತಾನೆ? ಆದೇಶ ಹೊರಡಿಸುತ್ತಾನೆ. ವಿನೋದಿನಿಬಾಯಿ ಅದನ್ನು ಆಲ್ತಾರಿನ ಪಕ್ಕದಲ್ಲಿ ಕೂತು ಟೈಪು ಮಾಡಿದಳು:

“ಮಾತೆಯು ಸದರಿ ಶೆಡ್ಡಿನಲ್ಲಿ, ಸದರಿ ತಗಡಿನ ಕೆಳಗೆ, ಸದರಿ ತೂತುಗಳ ಸಮಕ್ಷಮದಲ್ಲಿ ಫಲ ಕೊಡುತ್ತಿರುವುದು ಅನುಭವದಿಂದ ಸಿದ್ಧವಾಗಿದೆ. ಸ್ಥಿತಿಯಲ್ಲಿ ಯಾವುದೇ ಬದಲಾವಣೆಯಾದರೆ ಫಲದಲ್ಲಿಯೂ ಬದಲಾವಣೆಯಾಗುವ ಸಂಭವವಿರುವುದರಿಂದ, ಸದರಿ ಶೆಡ್ಡನ್ನು ಸೋರುವ ಸ್ಥಿತಿಯಲ್ಲಿಯೇ ಪುರಾತನ ಕಟ್ಟಡವೆಂದು ಘೋಷಿಸಲಾಗಿದೆ.”

ಆ ಹೊತ್ತಿಗೆ ಚಮನಸಾಬ ಶೆಡ್ಡಿಗೆ ಸುಣ್ಣ ಹೊಡೆಯುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಮಾತೆ ಬರದಿದ್ದರೆ ಸುಣ್ಣವೇ ಅವಳಿದ್ದಲ್ಲಿಗೆ ಹೋಗಲಿ. ತಗಡಿಗೆ ಸುಣ್ಣ ನಿಲ್ಲುವುದಿಲ್ಲ, ಗೊತ್ತು. ಮೊದಲು ತೂತುಗಳಿಗೆ ಡಾಂಬರು ಮೆತ್ತಿ ಆಮೇಲೆ ಏನಾದರೂ ದಾರಿ ನೋಡೋಣ ಎಂದು ಬಕೆಟ್ಟು ಹಿಡಿದು ಬಂದವನಿಗೆ ಶೆಡ್ಡಿನ ಬಾಗಿಲಲ್ಲಿ ಹೊಸ ಬೋರ್ಡು ಕಂಡಿತು. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಹಳೆಯ ಬೋರ್ಡಿನ ಅಕ್ಷರಗಳ ಮುಖಪರಿಚಯವಿತ್ತು. ಅವೇ ಇಲ್ಲಿಯೂ ಇದ್ದವು. ಅಲ್ಲೇ ಕುಕ್ಕರಿಸಿದವನಿಗೆ ಏಳಲು ಚೆನ್ನಯ ಬಂದು ಕೈ ಕೊಡಬೇಕಾಯಿತು.

“ನೀನು ಊರಿಗೆ ಹೋಗು ಮಾರಾಯ,” ಎಂದ ಚೆನ್ನಯ. “ಇಲ್ಲಿ ಗಾರೆಯವರಿಗೆ ಇನ್ನು ಕೆಲಸ ಇಲ್ಲ.”

ಮಳೆಗಾಲ ಬಂತು. ಒಂದು ತೂತು ಸರಿಯಾಗಿ ಮಾತೆಯ ತಲೆಯ ಮೇಲಿತ್ತು. ಮರದ ಮೂರ್ತಿ, ಹಣೆಯ ಬಣ್ಣ ಏಳತೊಡಗಿತು, ಕಂಕುಳ ಕೂಸಿನ ಕೆನ್ನೆಯ ಮೇಲೆ ನೀರಿನ ಗೆರೆ ಬಿತ್ತು. ಮೂರ್ತಿಯನ್ನು ಒಂದು ಮೊಳ ಆಚೆ ಸರಿಸಲೇ ಎಂದು ಫಾದರ್ ಕೇಳಿದರು. ಘೋಷಣೆಯ ನಕ್ಷೆಯಲ್ಲಿ ಮಾತೆಯ ಜಾಗ ಗುರುತಾಗಿದೆ ಎಂದು ಕಾಶಪ್ಪನವರು ನಕ್ಷೆ ಬಿಡಿಸಿ ತೋರಿಸಿದರು. ಆದರೆ ನೋವು ಅವರಿಗೂ ಇತ್ತು. ತನಗೆ ಪ್ರಮೋಷನ್ ಕೊಡಿಸಿದವಳು ನೆನೆಯುತ್ತಾ ಕೂತರೆ ಯಾರಿಗೆ ತಾನೆ ಗಂಟಲಲ್ಲಿ ಅನ್ನ ಇಳಿದೀತು? ತೂತನ್ನು ಮುಟ್ಟದೆ ಮಾತೆಯನ್ನು ಕಾಯುವ ಉಪಾಯಕ್ಕಾಗಿ ಅವರು ಪರದಾಡಿ ಓಡಾಡಿ, ಮೇಲಿನವರ ಕಾಲು ಹಿಡಿದು, ಕೊನೆಗೂ ಒಂದು ಹೊಸ ಹುದ್ದೆಯನ್ನು ಮಂಜೂರು ಮಾಡಿಸಿಕೊಂಡು ಬಂದರು. ಹುದ್ದೆಯ ಹೆಸರು ಛತ್ರಧಾರಕ. ಮಳೆ ಬರುವಾಗ ಮಾತೆಯ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲತಕ್ಕದ್ದು. ಕೊಡೆಯನ್ನು ಸರಕಾರ ಒದಗಿಸುವುದು. ಮಳೆ ಬಾರದ ತಿಂಗಳುಗಳಲ್ಲಿ ಮಳೆಯ ನಿರೀಕ್ಷೆಯಲ್ಲಿ ನಿಲ್ಲತಕ್ಕದ್ದು.

ಹುದ್ದೆಗೆ ಕಾಶಪ್ಪನವರು ಚಮನಸಾಬನನ್ನೇ ಕರೆದರು. ಊರ ಕಡೆಯವನು, ಬಡವ, ತೂತು ಎಲ್ಲೆಲ್ಲಿವೆ ಎಂದು ಬಲ್ಲವನು. ವೈದ್ಯಕೀಯ ತಪಾಸಣೆಯಾಯಿತು. ಡಾಕ್ಟರರು ತಲೆಯೆತ್ತದೆ ‘ಬೆನ್ನು ನೆಟ್ಟಗಿದೆ’ ಎಂದು ಬರೆದು ಸಿಕ್ಕಾ ಒತ್ತಿದರು. ಅಂದಿನಿಂದ ಬೆನ್ನು ನೋಯುತ್ತದೆ ಎಂಬುದು ಚಮನಸಾಬನ ವೈಯಕ್ತಿಕ ಅಭಿಪ್ರಾಯವಾಯಿತು.

ಜೈತುನಬಿಗೆ ಇದು ಸರಿ ಬರಲಿಲ್ಲ. ನಾನು ಹೊತ್ತದ್ದು ಸುಣ್ಣದ ಹರಕೆ, ಕೊಡೆಯದ್ದಲ್ಲ ಎಂದಳು. ಮಾತೆಗೆ ಕೊಡೆ ಹಿಡಿಯುವುದು ಅವಳ ಗೋಡೆಗೆ ಸುಣ್ಣ ಹೊಡೆಯುವುದಕ್ಕಿಂತ ಕಡಿಮೆಯೇ ಎಂದು ಚಮನಸಾಬ ವಾದ ಮಾಡಿದ. ಹಾಗಾದರೆ ಕೂಲಿ ಯಾಕೆ ತಗೋತೀರಿ ಎಂದಳು. ಕೂಲಿಯಲ್ಲ, ಪಗಾರ ಎಂದ. ಬುಟ್ಟಿ ಹೊರಲಾಗದ ಗಂಡ, ತಿಂಗಳಿಗೊಮ್ಮೆ ತಪ್ಪದೆ ಬರುವ ಪಗಾರ. ಅವಳು ರೊಟ್ಟಿ ಕಟ್ಟಿ ಕೊಟ್ಟಳು. ಒಳಗೆ ಮಾತ್ರ ಅವಳಿಗೆ ತಡೆಯದ ಸಂಕಟ.

ಮೊದಲ ಮಳೆಗಾಲ ಚಮನಸಾಬನ ಕೈಗಳು ಒಂದೇ ಸಮ ಚಡಪಡಿಸುತ್ತಿದ್ದವು. ತಲೆಯ ಮೇಲೆ ಬೆರಳು ತೂರದಷ್ಟು ಸಣ್ಣ ತೂತು. ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುವ ಕೆಲಸ. ಅದನ್ನೇ ನೋಡುತ್ತಾ ಸಂಜೆಯ ತನಕ ಕೊಡೆ ಹಿಡಿದು ನಿಲ್ಲುವನು, ಮನೆಗೆ ಹೋಗಿ ಕನಸಿನಲ್ಲಿ ಡಾಂಬರು ಮೆತ್ತುವನು. ಎರಡನೆಯ ಮಳೆಗಾಲಕ್ಕೆ ಖಾಕಿ ಟೋಪಿ ಬಂತು. ತೂತು ನೋಡುವುದು ಕಡಿಮೆಯಾಗಿ, ಶೆಡ್ಡಿಗೆ ಒರಗಿ ನಿಂತವರನ್ನು ಗದರುವುದು ಹೆಚ್ಚಾಯಿತು. ಮೂರನೆಯದಕ್ಕೆ ‘ಸದರಿ’ ಎಂಬ ಮಾತು ನಾಲಿಗೆಗೆ ಹತ್ತಿತು. ಮನೆಯಲ್ಲಿ ಸದರಿ ಸಾರಿಗೆ ಉಪ್ಪು ಸಾಲದು ಎಂದು ಹೇಳಿ ಜೈತುನಬಿಯಿಂದ ಬೈಸಿಕೊಂಡ. ಹುದ್ದೆ ಕಾಯಂ ಆಯಿತು. ಇಡೀ ಚಾಳಿನಲ್ಲಿ ಪೆನ್ಷನ್ ಇರುವ ಗಾರೆಯವನು ಅವನೊಬ್ಬನೇ. ಭಕ್ತರಿಗಂತೂ ಕೊಡೆಯ ಕೆಳಗಿನ ಮಾತೆಯೇ ಮಾತೆಯಾದಳು. ಸೇವಂತಿ ಪುಟ್ಟ ಮೇಣದ ಕೊಡೆಗಳನ್ನು ಮಾಡಿದಳು, ಫಾದರ್ ಬೊನಿಫಾಸ್ ಹಬ್ಬದ ಪ್ರವಚನದಲ್ಲಿ ಕೊಡೆಯ ಆಧ್ಯಾತ್ಮಿಕ ಅರ್ಥ ವಿವರಿಸಿದರು. ಪಾಪ, ಅವರಿಗೂ ವಯಸ್ಸಾಗಿತ್ತು.

ಎಪ್ಪತ್ತನಾಲ್ಕರ ಜುಲೈಯಲ್ಲಿ ಕುರ್ಲಾದ ರೈಲು ಹಳಿಗಳೇ ಮುಳುಗುವಂಥ ಮಳೆ ಬಂತು. ಲೋಕಲ್ ನಿಂತುಹೋಗಿ ಕಚೇರಿಗೆ ಕಾಶಪ್ಪನವರೂ ಬರಲಿಲ್ಲ, ಗುಮಾಸ್ತ ಒಬ್ಬನೂ ಬರಲಿಲ್ಲ. ಚಮನಸಾಬ ಮಾತ್ರ ಬೆಳಗಿನ ಜಾವವೇ ನಡೆದು ಬಂದು ಕೊಡೆ ಬಿಚ್ಚಿ ನಿಂತಿದ್ದ. ನಡುಮಧ್ಯಾಹ್ನ ಜೈತುನಬಿ ಸೊಂಟದ ತನಕ ನೆನೆದುಕೊಂಡು ಬಂದಳು. ಗಂಡನಿಗೆ ರೊಟ್ಟಿ ತಂದಿದ್ದಳು. ಗಾಳಿಗೆ ಮಳೆ ಓರೆಯಾಗಿ, ಕೊಡೆ ಇದ್ದರೂ ಕೂಸಿನ ಮುಖದ ಮೇಲೆ ನೀರು ಇಳಿಯುತ್ತಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿದಳು. ಮತ್ತೆ ಇಳಿಯಿತು, ಮತ್ತೆ ಒರೆಸಿದಳು. ಆಮೇಲೆ ಆಚೆ ಈಚೆ ನೋಡಿ, ರೊಟ್ಟಿಯ ಗಂಟಿನ ಅಡಿಯಿಂದ ಎಲೆಯಲ್ಲಿ ಸುತ್ತಿದ್ದ ಒಂದು ಉಂಡೆ ಡಾಂಬರು ತೆಗೆದಳು.

“ಯಾರೂ ಇಲ್ಲ,” ಎಂದಳು. “ಸುಣ್ಣದ ಮಾತ ಆಮ್ಯಾಲ. ಮೊದಲ ಆಕಿ ನೆತ್ತಿ ಮ್ಯಾಲಿನ ತೂತು ಮುಚ್ರಿ. ಕೂಸಿನ ಮಾರಿ ನೋಡ್ರಿ ಒಮ್ಮೆ. ಕೊಡಿ ನಾ ಹಿಡೀತೀನಿ, ನೀವು ಆ ಸ್ಟೂಲ ಹತ್ರಿ.”

ಚಮನಸಾಬ ಉಂಡೆಯನ್ನು ನೋಡಿದ. ಒಳ್ಳೆಯ ಡಾಂಬರು, ಅವನೇ ಹಿಂದೆ ತಂದು ಮಂಚದಡಿ ಇಟ್ಟದ್ದು. ಕತ್ತೆತ್ತಿ ತೂತನ್ನೂ ನೋಡಿದ. ಸ್ಟೂಲು ಕೈಗೆಟುಕುವಲ್ಲೇ ಇತ್ತು. ಆಮೇಲೆ ಕೊಡೆಯನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಖಾಕಿ ಟೋಪಿಯನ್ನು ನೆಟ್ಟಗೆ ಮಾಡಿಕೊಂಡ.

“ಅರ್ಜಿ ಕೊಡು,” ಎಂದ.

ಜೈತುನಬಿ ಗಂಡನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೆಯೇ ಎಂದು ಕಾದಳು. ಅವನ ಬೆನ್ನು, ಸರಕಾರಿ ಡಾಕ್ಟರರು ಬರೆದಿದ್ದ ಹಾಗೆಯೇ, ನೆಟ್ಟಗಿತ್ತು. ಹೊರಗೆ ಮಳೆ ನಿಲ್ಲುವ ಲಕ್ಷಣ ಕಾಣಲಿಲ್ಲ. ಅವಳು ಡಾಂಬರಿನ ಉಂಡೆಯನ್ನು ಎಲೆಯಲ್ಲಿ ಸುತ್ತಿ ಮತ್ತೆ ಗಂಟಿನೊಳಗೆ ಇಟ್ಟುಕೊಂಡಳು.

“ಎಷ್ಟು ಪ್ರತಿ ಬೇಕ್ರಿ?” ಎಂದು ಕೇಳಿದಳು.